ರನ್ನಿಂಗ್ ಕ್ಲಬ್ ಸೇರಿ ಅಲ್ಲೇ ನೆಲೆಯೂರುವುದು ಹೇಗೆ: ಹೊಸಬರಿಗೆ ಹಂತ ಹಂತದ ಮಾರ್ಗದರ್ಶಿ

ರನ್ನಿಂಗ್ ಕ್ಲಬ್ ಸೇರುವ ಹೊಸಬರಲ್ಲಿ ಬಹಳಷ್ಟು ಮಂದಿ ಎರಡು ಮೂರು ತಿಂಗಳೊಳಗೆ ಬರುವುದನ್ನು ನಿಲ್ಲಿಸುತ್ತಾರೆ. ಕಾರಣ ಕೇಳಿದರೆ ಮೊಣಕಾಲು ನೋವು, ಕೆಲಸದ ಒತ್ತಡ, ‘ಅಲ್ಲಿ ಎಲ್ಲರೂ ನನಗಿಂತ ವೇಗ’ ಎಂಬ ಉತ್ತರಗಳು ಬರುತ್ತವೆ. ಆದರೆ ಅವರು ಮಾಡಿದ್ದನ್ನು ಸಾಲಾಗಿ ಬರೆದು ನೋಡಿದರೆ ಹೆಚ್ಚುಕಡಿಮೆ ಒಂದೇ ಕಥೆ ಕಾಣುತ್ತದೆ. ಮೊದಲು ಸ್ಪರ್ಧೆಗೆ ಹೆಸರು ಕೊಟ್ಟರು, ಆಮೇಲೆ ದುಬಾರಿ ಶೂ ಕೊಂಡರು, ಆಮೇಲೆ ವಾಟ್ಸ್‌ಆ್ಯಪ್ ಗುಂಪು ಸೇರಿದರು, ಕೊನೆಗೆ ಯಾವ ಪೂರ್ವಾಭ್ಯಾಸವೂ ಇಲ್ಲದೆ ಭಾನುವಾರದ ಲಾಂಗ್ ರನ್‌ಗೆ, ಅಂದರೆ ವಾರದ ಅತಿ ದೂರದ ಓಟಕ್ಕೆ ಬಂದು ಕಣ್ಣಿಗೆ ಬಿದ್ದ ಮೊದಲ ಗುಂಪಿನ ಹಿಂದೆ ಓಡಿದರು. ಕೆಲಸಗಳೆಲ್ಲ ಸರಿಯಾದವೇ, ಮಾಡಿದ ಕ್ರಮ ಮಾತ್ರ ತಲೆಕೆಳಗು.

ಈ ಬರಹ ಆ ಕ್ರಮವನ್ನು ಸರಿಪಡಿಸುವುದಕ್ಕೆ. ಉದಾಹರಣೆಗಳನ್ನು ಬೆಂಗಳೂರಿನಿಂದ ಹೆಚ್ಚಾಗಿ ತೆಗೆದುಕೊಂಡಿದ್ದೇನೆ. ಮೈಸೂರಿನ ಕುಕ್ಕರಹಳ್ಳಿ ಕೆರೆ, ಹುಬ್ಬಳ್ಳಿಯ ಉಣಕಲ್ ಕೆರೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆವರಣ, ಹೀಗೆ ಎಲ್ಲೆಲ್ಲಿ ಬೆಳಗಿನ ಹೊತ್ತು ಜನ ಓಡುತ್ತಾರೋ ಅಲ್ಲೆಲ್ಲ ಇದೇ ಕ್ರಮ ಅನ್ವಯಿಸುತ್ತದೆ. ಮೊದಲ ಹಂತದಿಂದ ಕೊನೆಯ ಹಂತಕ್ಕೆ ಬರಲು ಐದಾರು ತಿಂಗಳು ಹಿಡಿಯುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ.

## ಮೊದಲೇ ಹೊಂದಿಸಿಕೊಳ್ಳಬೇಕಾದ ವಸ್ತುಗಳು

ಓಟಕ್ಕೆಂದೇ ತಯಾರಾದ ಒಂದು ಜೊತೆ ಶೂ ಬೇಕು. ಸಂಜೆಯ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ ಅಳತೆ ನೋಡಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಅಂಗಡಿಯಲ್ಲಿ ನಾಲ್ಕು ಹೆಜ್ಜೆ ಓಡಿದಾಗ ಎಲ್ಲಿಯೂ ಒತ್ತದ ಶೂ ನಿಮ್ಮ ಶೂ. ತಟ್ಟೆಯಷ್ಟು ದಪ್ಪ ಅಡಿಯಿರುವ, ಒಳಗೆ ಕಾರ್ಬನ್ ಪಟ್ಟಿ ಕೂರಿಸಿದ ರೇಸ್ ಶೂಗಳು ಈ ಹಂತದಲ್ಲಿ ಬೇಡವೇ ಬೇಡ. ಬೆವರು ಬೇಗ ಆರುವ ಟೀ ಶರ್ಟು, ತೊಡೆ ಉಜ್ಜದ ಚಡ್ಡಿ ಅಥವಾ ಟೈಟ್ಸ್, ಮಹಿಳೆಯರಿಗೆ ಗಟ್ಟಿಯಾಗಿ ಹಿಡಿಯುವ ಸ್ಪೋರ್ಟ್ಸ್ ಬ್ರಾ, ಒಂದು ನೀರಿನ ಬಾಟಲಿ, ಕತ್ತಲಲ್ಲಿ ಹೊಳೆಯುವ ಪಟ್ಟಿ ಅಥವಾ ಜಾಕೆಟ್ ಇದ್ದರೆ ಸಾಕು.

ಜಿಪಿಎಸ್ ವಾಚ್ ಕಡ್ಡಾಯವಲ್ಲ. ಮೊಬೈಲಿನ ಯಾವುದಾದರೂ ಓಟದ ಆ್ಯಪ್ ಅದೇ ಕೆಲಸ ಮಾಡುತ್ತದೆ. ಜೇಬಿನಲ್ಲಿ ಒಂದು ಚೀಟಿ ಇರಲಿ. ಅದರಲ್ಲಿ ಹೆಸರು, ರಕ್ತದ ಗುಂಪು, ಮನೆಯವರ ಫೋನ್ ಸಂಖ್ಯೆ, ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ವಿವರ ಬರೆದಿಡಿ. ಮೊಬೈಲ್ ಲಾಕ್ ಆಗಿರುವಾಗ ಅಪರಿಚಿತರಿಗೆ ನೆರವಾಗುವುದು ಈ ಚೀಟಿಯೇ.

## ಹಂತ 1: ವೈದ್ಯರನ್ನು ಕಾಣಬೇಕೇ ಎಂದು ತೀರ್ಮಾನಿಸಿ

ವಯಸ್ಸು ನಲವತ್ತು ದಾಟಿದ್ದರೆ, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇದ್ದರೆ, ಧೂಮಪಾನದ ಅಭ್ಯಾಸವಿದ್ದರೆ, ಹತ್ತಿರದ ರಕ್ತಸಂಬಂಧಿಗಳಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ, ಅಥವಾ ಮೆಟ್ಟಿಲು ಹತ್ತುವಾಗ ಎದೆ ಬಿಗಿದಂತಾಗುತ್ತಿದ್ದರೆ, ಓಟ ಆರಂಭಿಸುವ ಮೊದಲು ವೈದ್ಯರನ್ನು ಕಾಣಿರಿ. ಯಾವ ಪರೀಕ್ಷೆ ಬೇಕು, ಯಾವುದು ಬೇಡ ಎಂಬುದನ್ನು ಅವರೇ ಹೇಳಲಿ. ಕ್ಲಬ್ಬಿನ ಕೋಚ್ ಎಷ್ಟೇ ಅನುಭವಿಯಾದರೂ ವೈದ್ಯರ ಜಾಗದಲ್ಲಿ ನಿಲ್ಲಲಾರರು, ಒಳ್ಳೆಯ ಕೋಚ್ ಆ ಜಾಗಕ್ಕೆ ಹೋಗುವುದೂ ಇಲ್ಲ.

## ಹಂತ 2: ಒಬ್ಬರೇ ಅರ್ಧ ಗಂಟೆಯ ತಳಹದಿ ಹಾಕಿಕೊಳ್ಳಿ

ಕ್ಲಬ್ ಸೇರಿದ ಮೇಲೆ ಓಡಲು ಕಲಿಯುತ್ತೇನೆ ಎಂಬ ಯೋಚನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅರ್ಧ ಗಂಟೆ ನಿರಂತರವಾಗಿ ಕಾಲಾಡಿಸಬಲ್ಲವರಿಗೆ ಗುಂಪಿನ ಮೊದಲ ವಾರಗಳು ಬಹಳ ಹಗುರವಾಗಿರುತ್ತವೆ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು, ಮನೆಯ ಹತ್ತಿರದ ಪಾರ್ಕಿನಲ್ಲಿ ಅಭ್ಯಾಸ ಮಾಡಿ. ಮೊದಲ ಎರಡು ವಾರ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯಿರಿ. ಮುಂದಿನ ಎರಡು ವಾರ ಎರಡು ನಿಮಿಷ ಓಡಿ ಒಂದು ನಿಮಿಷ ನಡೆಯಿರಿ. ಬಳಿಕ ಐದು ನಿಮಿಷ ಓಟ, ಒಂದು ನಿಮಿಷ ನಡಿಗೆ. ಪ್ರತಿ ಬಾರಿಯೂ ಒಟ್ಟು ಮೂವತ್ತು ನಿಮಿಷ ಮೀರದಿರಲಿ.

ವೇಗದ ಅಳತೆಗೆ ಗಡಿಯಾರಕ್ಕಿಂತ ಮಾತು ನಂಬಿಕೆಗೆ ಅರ್ಹ. ಓಡುತ್ತಲೇ ಒಂದು ಪೂರ್ಣ ವಾಕ್ಯವನ್ನು ಏದುಸಿರಿಲ್ಲದೆ ಹೇಳಲು ಆಗಬೇಕು. ಎರಡು ಪದಕ್ಕೇ ಉಸಿರು ಕಟ್ಟಿದರೆ ನೀವು ವೇಗವಾಗಿ ಓಡುತ್ತಿದ್ದೀರಿ ಎಂದರ್ಥ. ಆರಂಭದಲ್ಲಿ ಕಿಲೋಮೀಟರಿಗೆ ಎಂಟು ಒಂಬತ್ತು ನಿಮಿಷ ಹಿಡಿಯುವುದು ಸಹಜ, ಅದಕ್ಕೆ ನಾಚಬೇಕಾಗಿಲ್ಲ.

ಈ ಹಂತದ ಸಾಮಾನ್ಯ ತಪ್ಪೆಂದರೆ ಮೂರನೆಯ ವಾರಕ್ಕೆ ಹುಮ್ಮಸ್ಸು ಬಂದು ದಿನವೂ ಓಡಲು ತೊಡಗುವುದು. ಹೃದಯ ಮತ್ತು ಶ್ವಾಸಕೋಶಗಳು ವಾರಗಳಲ್ಲಿ ಹದಗೊಳ್ಳುತ್ತವೆ. ಮೂಳೆ, ಸ್ನಾಯುರಜ್ಜುಗಳು ಹದಗೊಳ್ಳಲು ತಿಂಗಳುಗಳು ಬೇಕು. ಉಸಿರು ಸುಲಭವಾಯಿತು ಎಂದ ಮಾತ್ರಕ್ಕೆ ಕಾಲು ಸಿದ್ಧವಾಯಿತು ಎಂದಲ್ಲ. ಹೊಸಬರ ಕಣಕಾಲಿನ ನೋವಿಗೆ ಬಹುಪಾಲು ಈ ಅಂತರವೇ ಮೂಲ.

## ಹಂತ 3: ಜಾಗ ಮತ್ತು ಹೊತ್ತನ್ನು ಮೊದಲು ಆರಿಸಿ, ಕ್ಲಬ್ಬನ್ನು ಆಮೇಲೆ

ಹೆಸರು ಕೇಳಿ ಕ್ಲಬ್ ಆರಿಸುವವರು ಸೋಲುವುದು ದೂರದ ಕಾರಣಕ್ಕೆ. ಬನಶಂಕರಿಯಲ್ಲಿ ಇರುವವರು ಯಲಹಂಕದ ಗುಂಪಿಗೆ ಸೇರಿದರೆ, ಆ ಗುಂಪು ಎಷ್ಟೇ ಚೆನ್ನಾಗಿರಲಿ, ಮಳೆಗಾಲದ ಮೊದಲ ವಾರದಲ್ಲೇ ಹಾಜರಿ ತಪ್ಪುತ್ತದೆ. ಮನೆಯಿಂದ ಹದಿನೈದು ಇಪ್ಪತ್ತು ನಿಮಿಷದಲ್ಲಿ ತಲುಪಬಹುದಾದ ಜಾಗಗಳನ್ನು ಮಾತ್ರ ಪಟ್ಟಿ ಮಾಡಿ.

ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕಿನೊಳಗಿನ ರಸ್ತೆಗಳಲ್ಲಿ ಮುಂಜಾನೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಹಲವು ಗುಂಪುಗಳು ಅಲ್ಲಿ ಸೇರುತ್ತವೆ. 240 ಎಕರೆಯ ಲಾಲ್‌ಬಾಗ್ ದಕ್ಷಿಣದವರಿಗೆ ಅನುಕೂಲ. ನೆರಳೂ ಇದೆ, ಸಣ್ಣ ಏರುಗಳೂ ಇವೆ. ಉತ್ತರದಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣವಿದೆ. ಕಂಠೀರವ ಕ್ರೀಡಾಂಗಣದ 400 ಮೀಟರ್ ಸಿಂಥೆಟಿಕ್ ಟ್ರ್ಯಾಕಿನಲ್ಲಿ ವೇಗದ ಅಭ್ಯಾಸ ನಡೆಯುತ್ತದೆ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಎರಡೂ ತೋಟಗಾರಿಕೆ ಇಲಾಖೆಯ ಅಧೀನದಲ್ಲಿವೆ, ಕ್ರೀಡಾಂಗಣಕ್ಕೆ ಅದರದೇ ಪ್ರವೇಶದ ನಿಯಮಗಳಿವೆ. ಗೇಟು ತೆರೆಯುವ ಹೊತ್ತನ್ನೂ ಪ್ರವೇಶದ ನಿಯಮವನ್ನೂ ಹಿಂದಿನ ದಿನವೇ ಗೇಟಿನಲ್ಲಿ ವಿಚಾರಿಸಿಕೊಳ್ಳಿ.

ಹೊತ್ತಿನ ವಿಷಯದಲ್ಲಿ ಪ್ರಾಮಾಣಿಕರಾಗಿರಿ. ಬಹುತೇಕ ಗುಂಪುಗಳು ಬೆಳಗಿನ ಐದೂವರೆ, ಆರರ ಹೊತ್ತಿಗೆ ಶುರುಮಾಡುತ್ತವೆ, ಲಾಂಗ್ ರನ್ ಇದ್ದ ದಿನ ಇನ್ನೂ ಬೇಗ. ಬೆಂಗಳೂರಿನಲ್ಲಿ ಮೇ ಕೊನೆಗೆ ಸೂರ್ಯೋದಯ 5:50ರ ಸುಮಾರಿಗೆ, ಜನವರಿ ಕೊನೆಗೆ 6:45ರ ಸುಮಾರಿಗೆ. ಅಂದರೆ ಚಳಿಗಾಲದಲ್ಲಿ ಓಟದ ಮೊದಲ ಭಾಗವೆಲ್ಲ ಕತ್ತಲಲ್ಲೇ ನಡೆಯುತ್ತದೆ. ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವರು, ಮಕ್ಕಳನ್ನು ಶಾಲೆಗೆ ಕಳುಹಿಸುವ ಹೊಣೆ ಇರುವವರು ಸಂಜೆಯ ಗುಂಪುಗಳನ್ನು ಹುಡುಕುವುದೇ ಜಾಣತನ. ಐದು ಗಂಟೆ ನಿದ್ದೆ ಮಾಡಿ ಓಡಲು ಬರುವ ದೇಹ ಬೇಗ ಪೆಟ್ಟು ತಿನ್ನುತ್ತದೆ.

## ಹಂತ 4: ಸೇರುವ ಮೊದಲು ದೂರದಿಂದ ನೋಡಿ

ಈ ಹಂತವನ್ನು ಬಿಡುವವರೇ ಹೆಚ್ಚು, ನನ್ನ ಅಭಿಪ್ರಾಯದಲ್ಲಿ ಇದೇ ಅತಿ ಮುಖ್ಯವಾದ ಹಂತ. ಆರಿಸಿದ ಜಾಗಕ್ಕೆ ಎರಡು ಮೂರು ಬೆಳಗ್ಗೆ ಹೋಗಿ, ನಿಮ್ಮಷ್ಟಕ್ಕೆ ನಡೆಯುತ್ತ, ಅಲ್ಲಿ ಓಡುವ ಗುಂಪುಗಳನ್ನು ಗಮನಿಸಿ. ಮುಂದೆ ಓಡುವವರ ವೇಗವನ್ನು ನೋಡಬೇಡಿ. ಕೊನೆಯಲ್ಲಿ ಬರುವವರಿಗೆ ಏನಾಗುತ್ತದೆ ಎಂಬುದನ್ನು ನೋಡಿ. ಅವರ ಜೊತೆ ಯಾರಾದರೂ ಓಡುತ್ತಿದ್ದಾರೆಯೇ? ಅವರು ತಲುಪುವ ತನಕ ಉಳಿದವರು ಕಾಯುತ್ತಾರೆಯೇ, ಅಥವಾ ಅಷ್ಟರಲ್ಲಿ ಫೋಟೊ ತೆಗೆದು, ಸ್ಟ್ರೆಚಿಂಗ್ ಮುಗಿಸಿ, ಕಾಫಿಗೆ ಹೊರಟಿರುತ್ತಾರೆಯೇ? ಹೊಸಬರಾದ ನೀವು ಮುಂದಿನ ಎರಡು ತಿಂಗಳು ನಿಲ್ಲುವುದು ಆ ಕೊನೆಯವರ ಜಾಗದಲ್ಲೇ. ಅವರನ್ನು ನಡೆಸಿಕೊಳ್ಳುವ ರೀತಿಯಲ್ಲೇ ಗುಂಪು ನಿಮ್ಮನ್ನೂ ನಡೆಸಿಕೊಳ್ಳುತ್ತದೆ.

ಗುಂಪುಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಮೊದಲನೆಯದು ಬಡಾವಣೆಯ ಗೆಳೆಯರ ಬಳಗ: ಶುಲ್ಕವಿಲ್ಲ, ಕೋಚ್ ಇಲ್ಲ, ಹೊತ್ತಿಗೆ ಸರಿಯಾಗಿ ಬಂದವರು ಓಡುತ್ತಾರೆ. ಎರಡನೆಯದು ಕೋಚ್ ಇರುವ ಕ್ಲಬ್: ತಿಂಗಳ ಅಥವಾ ಋತುವಿನ ಲೆಕ್ಕದಲ್ಲಿ ಶುಲ್ಕ ಪಡೆದು, ವಾರದ ಯೋಜನೆ ಕೊಟ್ಟು, ವೇಗಕ್ಕೆ ತಕ್ಕಂತೆ ಗುಂಪು ವಿಂಗಡಿಸುತ್ತದೆ. ಜಯನಗರ ಜಾಗ್ವಾರ್ಸ್, ಪೇಸ್‌ಮೇಕರ್ಸ್‌ನಂತಹ ಹೆಸರುಗಳನ್ನು ಬೆಂಗಳೂರಿನ ಓಟಗಾರರು ಬಲ್ಲರು. ಮೂರನೆಯದು ಕಂಪನಿ ಅಥವಾ ಅಪಾರ್ಟ್‌ಮೆಂಟಿನ ಗುಂಪು: ಸ್ಪರ್ಧೆ ಹತ್ತಿರವಾದಾಗ ತುಂಬಿ, ಮುಗಿದ ಮೇಲೆ ಚದುರುತ್ತದೆ. ಪೂರ್ತಿ ಹೊಸಬರಿಗೆ ಎರಡನೆಯದು ಸೂಕ್ತ. ಈಗಾಗಲೇ 5 ಕಿ.ಮೀ. ಓಡುತ್ತಿರುವವರಿಗೆ ಮೊದಲನೆಯದೇ ಸಾಕಾಗಬಹುದು.

ಶುಲ್ಕ ಪಡೆಯುವ ಕ್ಲಬ್ ಆದರೆ ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ಹಣ ಕಟ್ಟುವ ಮೊದಲು ಒಂದೆರಡು ದಿನ ಬಂದು ನೋಡಬಹುದೇ? ಒಬ್ಬ ಕೋಚಿಗೆ ಎಷ್ಟು ಮಂದಿ? ಅಭ್ಯಾಸದ ಜಾಗದಲ್ಲಿ ಪ್ರಥಮ ಚಿಕಿತ್ಸೆ, ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ತುರ್ತು ಉಪಚಾರ) ಬಲ್ಲವರು ಇರುತ್ತಾರೆಯೇ? ಗಾಯವಾಗಿ ಒಂದು ತಿಂಗಳು ಬರಲಾಗದಿದ್ದರೆ ಹಣ ಮುಂದಕ್ಕೆ ಹೋಗುತ್ತದೆಯೇ? ಮೊದಲ ಬಾರಿಗೆ ವರ್ಷದ ಶುಲ್ಕ ಕಟ್ಟಬೇಡಿ, ಎಷ್ಟೇ ರಿಯಾಯಿತಿ ಕೊಟ್ಟರೂ ತಿಂಗಳದನ್ನೇ ಕಟ್ಟಿ.

ದೂರವಿರಬೇಕಾದ ಗುಂಪಿನ ಲಕ್ಷಣಗಳು ಸ್ಪಷ್ಟವಾಗಿಯೇ ಕಾಣುತ್ತವೆ. ಬಂದ ಮೊದಲ ವಾರವೇ ಮ್ಯಾರಥಾನ್‌ಗೆ ನೋಂದಾಯಿಸಲು ಒತ್ತಾಯಿಸುವುದು, ನೋವಿದ್ದರೂ ‘ಓಡುತ್ತಾ ಓಡುತ್ತಾ ಹೋಗುತ್ತೆ’ ಎನ್ನುವುದು, ನೋವಿನ ಮಾತ್ರೆ ನುಂಗಿ ಓಡುವುದನ್ನು ಸಹಜವೆಂಬಂತೆ ಹೇಳುವುದು, ಶೂ ಅಥವಾ ಪ್ರೋಟೀನ್ ಪುಡಿಯನ್ನು ಒಂದೇ ಕಡೆ ಕೊಳ್ಳಲು ಹೇಳುವುದು, ತೂಕದ ಬಗ್ಗೆ ಎಲ್ಲರೆದುರು ಮಾತನಾಡುವುದು, ಮಹಿಳೆಯರು ಒಬ್ಬಿಬ್ಬರು ಬಂದು ಬೇಗ ಬಿಟ್ಟುಹೋಗುತ್ತಿರುವುದು. ಇವುಗಳಲ್ಲಿ ಎರಡು ಕಂಡರೂ ಬೇರೆ ಗುಂಪು ಹುಡುಕಿ.

## ಹಂತ 5: ಪರಿಚಯದ ಸಂದೇಶ ಕಳುಹಿಸಿ

ಬಹುತೇಕ ಕ್ಲಬ್ಬುಗಳ ಬಾಗಿಲು ವಾಟ್ಸ್‌ಆ್ಯಪ್. ಗುಂಪು ನೋಡಿಕೊಳ್ಳುವವರಿಗೆ ಮೊದಲು ವೈಯಕ್ತಿಕವಾಗಿ ಬರೆಯಿರಿ, ಮತ್ತು ಅವರಿಗೆ ಬೇಕಾದ ನಾಲ್ಕು ಸಂಗತಿಗಳನ್ನು ಒಂದೇ ಸಂದೇಶದಲ್ಲಿ ಕೊಡಿ: ಎಲ್ಲಿರುತ್ತೀರಿ, ಈಗ ಎಷ್ಟು ಓಡುತ್ತೀರಿ, ಯಾವ ದಿನ ಬರಬಲ್ಲಿರಿ, ಆರೋಗ್ಯದ ತೊಂದರೆ ಏನಾದರೂ ಇದೆಯೇ.

‘ನಮಸ್ಕಾರ ಸರ್. ನಾನು ಬಸವನಗುಡಿಯಲ್ಲಿದ್ದೇನೆ. ಸದ್ಯ ಓಟ, ನಡಿಗೆ ಬೆರೆಸಿ 5 ಕಿ.ಮೀ.ಯನ್ನು 45 ನಿಮಿಷದಲ್ಲಿ ಮುಗಿಸುತ್ತೇನೆ. ಮಂಗಳವಾರ, ಗುರುವಾರ ಬೆಳಗ್ಗೆ ಬರಬಲ್ಲೆ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ವೈದ್ಯರು ಓಡಬಹುದು ಎಂದಿದ್ದಾರೆ. ಯಾವ ಗುಂಪಿನ ಜೊತೆ ಆರಂಭಿಸಲಿ?’

ಇಷ್ಟು ಸಾಕು. ಇದನ್ನು ಓದಿದ ಕೋಚ್ ನಿಮ್ಮನ್ನು ಎಲ್ಲಿ ನಿಲ್ಲಿಸಬೇಕೆಂದು ತಕ್ಷಣ ತಿಳಿಯುತ್ತಾರೆ. ‘ಹಾಯ್, ಐ ವಾಂಟ್ ಟು ಜಾಯಿನ್’ ಎಂಬ ಒಂದು ಸಾಲಿಗೆ ಉತ್ತರ ತಡವಾಗಿ ಬಂದರೆ ಅದು ತಾತ್ಸಾರವೆಂದು ಭಾವಿಸಬೇಡಿ, ಉತ್ತರಿಸಲು ಅದರಲ್ಲಿ ಏನೂ ಇರುವುದಿಲ್ಲ. ಗುಂಪಿನ ಸಂದೇಶಗಳು ಇಂಗ್ಲಿಷಿನಲ್ಲಿ ಇರುವುದನ್ನು ಕಂಡು ಹಿಂಜರಿಯುವವರಿದ್ದಾರೆ. ದಯವಿಟ್ಟು ಹಿಂಜರಿಯಬೇಡಿ, ಕನ್ನಡದಲ್ಲೇ ಬರೆಯಿರಿ. ಕನ್ನಡದಲ್ಲಿ ಉತ್ತರಿಸುವವರು ಗುಂಪಿನಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ, ಮತ್ತು ಮುಂದೆ ನಿಮ್ಮಂತೆಯೇ ಹಿಂಜರಿಯುವ ಇನ್ನೊಬ್ಬರಿಗೆ ಅದು ದಾರಿಯಾಗುತ್ತದೆ.

## ಹಂತ 6: ಮೊದಲ ದಿನಕ್ಕೆ ವಾರದ ನಡುವಿನ ದಿನವನ್ನು ಆರಿಸಿ

ಭಾನುವಾರ ಜನ ಹೆಚ್ಚು, ದೂರ ಹೆಚ್ಚು, ಎಲ್ಲರೂ ತಮ್ಮ ಗುರಿಯಲ್ಲಿ ಮುಳುಗಿರುತ್ತಾರೆ. ಮಂಗಳವಾರವೋ ಗುರುವಾರವೋ ಬಂದರೆ ಇರುವ ಕೆಲವೇ ಮಂದಿ ಹೆಸರು ಕೇಳುತ್ತಾರೆ, ಕೋಚಿಗೂ ನಿಮ್ಮ ಓಟ ನೋಡಲು ಬಿಡುವಿರುತ್ತದೆ.

ಹತ್ತು ನಿಮಿಷ ಮೊದಲೇ ತಲುಪಿ. ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣು ಅಥವಾ ಅರ್ಧ ಲೋಟ ತಿಳಿಯಾದ ರಾಗಿ ಗಂಜಿ ಸಾಕು, ಹೊಟ್ಟೆ ತುಂಬ ತಿಂದು ಬರಬೇಡಿ. ಗುಂಪು ಮಾಡುವ ವಾರ್ಮ್ ಅಪ್ ಅನ್ನು ತಪ್ಪಿಸಬೇಡಿ. ಓಟ ಶುರುವಾಗುವ ಮೊದಲು ಮೂರು ಸಂಗತಿ ಕೇಳಿ ತಿಳಿದುಕೊಳ್ಳಿ: ದಾರಿ ಯಾವುದು, ಎಲ್ಲಿ ತಿರುಗಬೇಕು, ಹಿಂದೆ ಉಳಿದರೆ ಯಾರನ್ನು ಸಂಪರ್ಕಿಸಬೇಕು.

ಆ ದಿನ ನಿಮಗೆ ಸಾಧ್ಯವೆನಿಸಿದ್ದಕ್ಕಿಂತ ಕಡಿಮೆ ಓಡಿ. ಐದು ಕಿಲೋಮೀಟರ್ ಓಡಬಲ್ಲವರು ಮೂರಕ್ಕೆ ತಿರುಗಿ ಬನ್ನಿ. ಮುಗಿದ ಮೇಲೆ ಕೂಲ್ ಡೌನ್‌ಗೂ, ಆಮೇಲಿನ ಇಡ್ಲಿ ಕಾಫಿಗೂ ನಿಲ್ಲಿ. ದರ್ಶಿನಿಯ ಎತ್ತರದ ಮೇಜಿನ ಸುತ್ತ ನಿಂತು ಕಳೆಯುವ ಆ ಇಪ್ಪತ್ತು ನಿಮಿಷಗಳಲ್ಲೇ ಪರಿಚಯಗಳು ಬೆಳೆಯುತ್ತವೆ. ಓಡಿ ಮುಗಿಸಿ ನೇರವಾಗಿ ಗಾಡಿ ಹತ್ತುವವರ ಹೆಸರು ತಿಂಗಳು ಕಳೆದರೂ ಯಾರಿಗೂ ಗೊತ್ತಿರುವುದಿಲ್ಲ.

## ಹಂತ 7: ಮೊದಲ ಎಂಟು ವಾರ ನಿಧಾನದ ಗುಂಪು ಬಿಡಬೇಡಿ

ಗಾಯಗಳಾಗುವುದು, ಮನಸ್ಸು ಮುರಿಯುವುದು ಎರಡೂ ಈ ಎಂಟು ವಾರಗಳಲ್ಲೇ. ಗುಂಪಿನಲ್ಲಿ ಓಡುವಾಗ ಪಕ್ಕದವರ ಹೆಜ್ಜೆಗೆ ನಮ್ಮ ಹೆಜ್ಜೆ ತಾನಾಗಿಯೇ ಸೇರಿಕೊಳ್ಳುತ್ತದೆ. ಕಿಲೋಮೀಟರಿಗೆ ಎಂಟು ನಿಮಿಷದವರು ಮಾತಿನ ಭರದಲ್ಲಿ ಆರೂವರೆಗೆ ಇಳಿದಿರುತ್ತಾರೆ. ಅದು ಆ ಹೊತ್ತಿಗೆ ಹಿತವಾಗಿಯೂ ಇರುತ್ತದೆ, ಪರಿಣಾಮ ತಿಳಿಯುವುದು ಮಾರನೆಯ ಬೆಳಗ್ಗೆ. ಆದ್ದರಿಂದ ನಿಧಾನದ ಗುಂಪಿನ ಪೇಸರ್ (ಗೊತ್ತಾದ ವೇಗದಲ್ಲಿ ಓಡಿ ಗುಂಪನ್ನು ನಡೆಸುವವರು) ಅಥವಾ ಹಿರಿಯ ಓಟಗಾರರೊಬ್ಬರನ್ನು ಕೇಳಿಕೊಂಡು ಅವರ ಪಕ್ಕದಲ್ಲೇ ಓಡಿ, ಅವರಿಗಿಂತ ಮುಂದೆ ಹೋಗುವುದಿಲ್ಲ ಎಂದು ನಿಶ್ಚಯಿಸಿಕೊಳ್ಳಿ.

ಕ್ಲಬ್ಬಿನ ವಾರದ ಯೋಜನೆಯಲ್ಲಿ ಸಾಮಾನ್ಯವಾಗಿ ಈಸಿ ರನ್, ಇಂಟರ್ವಲ್, ಟೆಂಪೊ, ಲಾಂಗ್ ರನ್ ಎಂಬ ನಾಲ್ಕು ಬಗೆ ಇರುತ್ತವೆ. ಮಾತನಾಡುತ್ತ ಓಡುವುದು ಈಸಿ. ನಡುನಡುವೆ ಬಿಡುವು ಕೊಟ್ಟು ಸ್ವಲ್ಪ ದೂರವನ್ನು ವೇಗವಾಗಿ ಓಡುವುದು ಇಂಟರ್ವಲ್. ಕಷ್ಟವೆನಿಸಿದರೂ ಕೊನೆಯ ತನಕ ಕಾಯ್ದುಕೊಳ್ಳಬಹುದಾದ ವೇಗದಲ್ಲಿ ಬಿಡುವಿಲ್ಲದೆ ಓಡುವುದು ಟೆಂಪೊ. ವಾರದ ಅತಿ ದೂರದ, ಆದರೆ ನಿಧಾನವಾದ ಓಟ ಲಾಂಗ್ ರನ್. ಮೊದಲ ಎಂಟು ವಾರ ಈಸಿ ರನ್ ಮತ್ತು ಚಿಕ್ಕದೊಂದು ಲಾಂಗ್ ರನ್ ಮಾತ್ರ ಸಾಕು. ಇಂಟರ್ವಲ್ ದಿನ ಬಂದರೂ ಟ್ರ್ಯಾಕಿನ ಹೊರ ಲೇನಿನಲ್ಲಿ ನಿಧಾನವಾಗಿ ಓಡಿ, ಒಳ ಲೇನನ್ನು ವೇಗದವರಿಗೆ ಬಿಡಿ. ವಾರದ ಒಟ್ಟು ದೂರವನ್ನು ಒಮ್ಮೆಗೆ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚಿಸದಿರುವುದು ರೂಢಿಯ ನಿಯಮ. ಮೂರು ವಾರ ಹೆಚ್ಚಿಸಿ ನಾಲ್ಕನೆಯ ವಾರ ಇಳಿಸುವುದು ಇನ್ನೂ ಒಳ್ಳೆಯದು.

ಓಟಗಳನ್ನು ದಾಖಲಿಸಿ ಹಂಚಿಕೊಳ್ಳುವ ಸ್ಟ್ರಾವಾ ಆ್ಯಪ್‌ನಲ್ಲಿ ಬೇರೆಯವರ ಅಂಕಿಗಳನ್ನು ನೋಡಿ ಮಾರನೆಯ ದಿನದ ಓಟ ನಿರ್ಧರಿಸುವುದು ಈಗಿನ ದೊಡ್ಡ ತಪ್ಪು. ಹತ್ತು ವರ್ಷ ಓಡಿದವರ ಈಸಿ ವೇಗ ನಿಮ್ಮ ಸ್ಪರ್ಧೆಯ ವೇಗಕ್ಕಿಂತ ಹೆಚ್ಚಿರಬಹುದು. ಎಂಟು ವಾರ ಮುಗಿಯುವ ತನಕ ನಿಮ್ಮ ಓಟಗಳನ್ನು ನೀವು ಮಾತ್ರ ನೋಡುವಂತೆ ಇಟ್ಟುಕೊಂಡರೆ ಮನಸ್ಸಿಗೂ ಕಾಲಿಗೂ ನೆಮ್ಮದಿ.

### ನಿಲ್ಲಿಸಬೇಕಾದ ಸೂಚನೆಗಳು

ಎರಡೂ ಕಾಲಿನ ಮಾಂಸಖಂಡದಲ್ಲಿ ಹರಡಿಕೊಂಡು, ಒಂದೆರಡು ದಿನದಲ್ಲಿ ತಗ್ಗುವ ನೋವು ಅಭ್ಯಾಸದ ನೋವು. ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ, ಒಂದೇ ಕಾಲಿನಲ್ಲಿ, ಓಡಿದಷ್ಟೂ ಹೆಚ್ಚುವ ನೋವು ಗಾಯದ ನೋವು. ಅದು ಮೂಳೆಯ ಮೇಲಿದ್ದು ರಾತ್ರಿಯೂ ಕಾಡಿದರೆ ಓಟ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿರಿ. ಬೆಳಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿದರೆ ಪಾದದಡಿಯ ತಂತುಪಟ್ಟಿಗೆ ಹೊರೆಯಾಗಿದೆ ಎಂಬ ಸೂಚನೆ, ದೂರ ಕಡಿಮೆ ಮಾಡಿ. ನೋವಿಗೆ ಕುಂಟುತ್ತ ಓಡುವುದು ಯಾವ ಕಾರಣಕ್ಕೂ ಸಲ್ಲದು, ಕುಂಟಿದರೆ ಇನ್ನೊಂದು ಕಾಲೂ ಕೆಡುತ್ತದೆ.

ಎದೆಯಲ್ಲಿ ಬಿಗಿತ, ದವಡೆಗೋ ತೋಳಿಗೋ ಹರಡುವ ನೋವು, ಕಣ್ಣು ಕತ್ತಲಿಡುವುದು, ಹೃದಯ ಅಡ್ಡಾದಿಡ್ಡಿ ಬಡಿದಂತಾಗುವುದು: ಇವುಗಳಲ್ಲಿ ಯಾವುದಾದರೂ ಕಂಡರೆ ಆ ಕ್ಷಣವೇ ನಿಂತು ಪಕ್ಕದವರಿಗೆ ಹೇಳಿ, 108ಕ್ಕೆ ಕರೆ ಮಾಡಿಸಿ. ಬಿಸಿಲಿನಲ್ಲಿ ಓಡುವ ಯಾರಾದರೂ ತೂರಾಡುತ್ತಿದ್ದರೆ, ಮಾತು ತೊದಲುತ್ತಿದ್ದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುತ್ತಿದ್ದರೆ ಅದು ಶಾಖಾಘಾತವಿರಬಹುದು. ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿಯುತ್ತ, ಗಾಳಿ ಬೀಸುತ್ತ ಆಂಬುಲೆನ್ಸ್‌ಗೆ ಕರೆ ಮಾಡಿ. ತಂಪು ಮಾಡುವುದನ್ನು ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ. ಮಂಗಳೂರು, ಉಡುಪಿ, ಕಾರವಾರದ ಕಡೆ ಗಾಳಿಯ ತೇವದಿಂದ ಬೆವರು ಆರುವುದೇ ಇಲ್ಲ, ಅಲ್ಲಿನವರು ಈ ಸೂಚನೆಯನ್ನು ಹೆಚ್ಚು ಗಮನದಲ್ಲಿಡಬೇಕು. ಹಾಗೆಂದು ಲೀಟರುಗಟ್ಟಲೆ ನೀರನ್ನೇ ಕುಡಿಯುವುದೂ ಅಪಾಯ, ರಕ್ತದ ಸೋಡಿಯಂ ತಗ್ಗುತ್ತದೆ. ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ, ಗಂಟೆ ಮೀರಿದ ಓಟಕ್ಕೆ ಓಆರ್‌ಎಸ್ ಅಥವಾ ಉಪ್ಪು ಹಾಕಿದ ನಿಂಬೆ ಪಾನಕ ಜೊತೆಗಿರಲಿ.

## ಹಂತ 8: ರಸ್ತೆಯ ಶಿಸ್ತು ರೂಢಿಸಿಕೊಳ್ಳಿ

ಪಾರ್ಕಿನಾಚೆ ಓಡುವ ದಿನ ಬಂದಾಗ ವಾಹನಗಳಿಗೆ ಎದುರಾಗಿ, ಅಂದರೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರಂತೆ ಓಡಬೇಕು. ನಾಲ್ಕು ಜನ ಸಾಲಾಗಿ ರಸ್ತೆ ತುಂಬ ಓಡುವುದು ಅಪಾಯವಷ್ಟೇ ಅಲ್ಲ, ಇಡೀ ಕ್ಲಬ್ಬಿನ ಹೆಸರು ಕೆಡಿಸುತ್ತದೆ. ಕಿವಿಗೆ ಇಯರ್‌ಫೋನ್ ಬೇಡ. ಗುಂಡಿ, ಹಂಪು, ಎದುರು ವಾಹನ ಕಂಡರೆ ಹಿಂದಿನವರಿಗೆ ಕೂಗಿ ಹೇಳಿ. ಪಾರ್ಕಿನೊಳಗೆ ನಡೆಯುವ ಹಿರಿಯರಿಗೆ ದಾರಿ ಬಿಟ್ಟು ಸುತ್ತಿ ಹೋಗಿ, ಹಿಂದಿನಿಂದ ‘ಸೈಡ್’ ಎಂದು ಅರಚಬೇಡಿ.

ಬೀದಿ ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ, ನಿಂತು, ಕಣ್ಣಲ್ಲಿ ಕಣ್ಣಿಡದೆ ಮೆಲ್ಲಗೆ ನಡೆಯಿರಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದು ಆರಂಭಿಸಿ. ಗಾಯ ಚಿಕ್ಕದು ಎಂದು ಮುಂದೂಡಬೇಡಿ.

ಕತ್ತಲಲ್ಲಿ ಬರುವ ಮಹಿಳೆಯರು ಒಂದೇ ಬಡಾವಣೆಯ ಇಬ್ಬರು ಮೂವರು ಜೊತೆಗೂಡಿ ಬರುವ ಏರ್ಪಾಡನ್ನು ಕ್ಲಬ್ಬಿನಲ್ಲಿ ಕೇಳಿ ಮಾಡಿಸಿಕೊಳ್ಳಿ, ಲೈವ್ ಲೊಕೇಶನ್ ಮನೆಯವರಿಗೆ ಕಳುಹಿಸಿ. ಇಂತಹ ಕೋರಿಕೆಯನ್ನು ಹಗುರವಾಗಿ ನೋಡುವ ಕ್ಲಬ್ಬನ್ನು ಬಿಡುವುದೇ ಸರಿ.

## ಹಂತ 9: ಒಂದು ಸಣ್ಣ ಹೊಣೆ ಹೊತ್ತುಕೊಳ್ಳಿ

ಎರಡು ತಿಂಗಳಾದ ಮೇಲೂ ‘ನಾನಿನ್ನೂ ಹೊರಗಿನವನು’ ಎನಿಸುತ್ತಿದ್ದರೆ ಅದಕ್ಕೆ ವೇಗ ಮದ್ದಲ್ಲ. ಕೆಲಸ ಮದ್ದು. ಲಾಂಗ್ ರನ್ ದಿನ ನೀರಿನ ಕ್ಯಾನ್ ತರುವುದು, ಗಾಡಿಯಲ್ಲಿ ಎಲ್ಲರ ಚೀಲ ಇಟ್ಟುಕೊಳ್ಳುವುದು, ಹಾಜರಿ ಬರೆಯುವುದು, ಕೊನೆಯವರ ಜೊತೆ ಓಡುವುದು: ಇವಕ್ಕೆಲ್ಲ ಜನ ಸದಾ ಬೇಕಾಗಿರುತ್ತಾರೆ. ಒಂದನ್ನು ಕೇಳಿ ಪಡೆದುಕೊಳ್ಳಿ, ಪಡೆದ ಮೇಲೆ ತಪ್ಪಿಸಬೇಡಿ. ನೀವು ಬರದಿದ್ದರೆ ಯಾರಿಗಾದರೂ ನೀರಿಲ್ಲ ಎಂದಾದಾಗ ಅಲಾರಂ ತಾನಾಗಿಯೇ ಎಬ್ಬಿಸುತ್ತದೆ, ಬಂದಾಗ ಹೆಸರು ಹಿಡಿದು ಕರೆಯುವವರೂ ಇರುತ್ತಾರೆ.

ನಗರದ ದೊಡ್ಡ ಓಟಗಳಲ್ಲಿ ಸ್ವಯಂಸೇವಕರಾಗುವುದು ಇನ್ನೂ ಉತ್ತಮ. ನೀರಿನ ಮೇಜಿನ ಹಿಂದೆ ಒಂದು ಬೆಳಗ್ಗೆ ನಿಂತವರಿಗೆ ಸ್ಪರ್ಧೆಯ ಒಳಗುಟ್ಟೆಲ್ಲ ತಿಳಿಯುತ್ತದೆ. ಲೋಟವನ್ನು ಅರ್ಧ ಮಾತ್ರ ತುಂಬಿಸಿ, ಅಂಗೈ ಮೇಲೆ ನಿಲ್ಲಿಸಿ ಚಾಚಿ ಹಿಡಿಯಿರಿ, ಮೇಜುಗಳ ಸಾಲಿನ ಕೊನೆಯಲ್ಲೂ ಜನ ನಿಲ್ಲಿಸಿ. ಎಲ್ಲರೂ ಮೊದಲ ಮೇಜಿಗೇ ಮುಗಿಬೀಳುವುದು ತಪ್ಪುತ್ತದೆ. ಯಾವ ಓಟಗಾರರು ಎಷ್ಟನೆಯ ಕಿಲೋಮೀಟರಿಗೆ ಬಸವಳಿಯುತ್ತಾರೆ ಎಂಬುದನ್ನು ಅಲ್ಲಿಂದ ನೋಡಿದವರು ತಮ್ಮ ಸ್ಪರ್ಧೆಯಲ್ಲಿ ಮೊದಲ ಕಿಲೋಮೀಟರನ್ನು ವೇಗವಾಗಿ ಓಡುವುದಿಲ್ಲ.

## ಹಂತ 10: ಈಗ ಸ್ಪರ್ಧೆಗೆ ಹೆಸರು ಕೊಡಿ

ಕ್ಲಬ್ಬಿನ ಹಲವರು ಹೋಗುವ ಓಟವನ್ನೇ ಮೊದಲಿಗೆ ಆರಿಸಿ, 10 ಕಿ.ಮೀ.ಗಿಂತ ಹೆಚ್ಚಿನದು ಬೇಡ. 2008ರಲ್ಲಿ ಆರಂಭವಾದ ಬೆಂಗಳೂರಿನ ವಿಶ್ವ 10ಕೆ ಓಟ ಇತ್ತೀಚಿನ ವರ್ಷಗಳಲ್ಲಿ ಏಪ್ರಿಲ್ ಕೊನೆಯಲ್ಲಿ ನಡೆಯುತ್ತಿದೆ. ಅದರಲ್ಲಿ ಕಡಿಮೆ ದೂರದ ‘ಮಜ್ಜಾ ರನ್’ ಕೂಡ ಇದೆ. ಅದಕ್ಕೆ ಸಿದ್ಧರಾಗಬೇಕಾದರೆ ನವೆಂಬರ್ ಒಳಗೆ ಮೊದಲ ಹಂತ ಶುರುವಾಗಿರಬೇಕು. ಶ್ರೀರಂಗಪಟ್ಟಣದ ಬಳಿ ಕಾಲುವೆ ದಡದ ಮಣ್ಣಿನ ಹಾದಿಯಲ್ಲಿ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನ್ ಒಂದು ವರ್ಷ ಓಡಿದ ಮೇಲೆ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಮಲ್ನಾಡ್ ಅಲ್ಟ್ರಾ (ಮ್ಯಾರಥಾನ್‌ಗಿಂತಲೂ ದೂರದ ಓಟ) ಹಲವು ವರ್ಷ ಓಡಿದ ಮೇಲೆ. ಗೆಳೆಯರು ಕರೆದರೆಂದು ಈ ಕ್ರಮ ಮುರಿಯಬೇಡಿ.

ನೋಂದಣಿಯಲ್ಲಿ ನಿರೀಕ್ಷಿತ ಸಮಯವನ್ನು ನಿಜವಾಗಿ ಬರೆಯಿರಿ. ಕಿಲೋಮೀಟರಿಗೆ ಏಳು ನಿಮಿಷದವರಿಗೆ 10 ಕಿ.ಮೀ.ಗೆ 70 ನಿಮಿಷ ಬೇಕು; ಮುಂದಿನ ಸಾಲು ಸಿಗಲೆಂದು 55 ಎಂದು ಬರೆದರೆ ನೂರಾರು ಜನ ನಿಮ್ಮನ್ನು ತಳ್ಳಿಕೊಂಡು ಹೋಗುತ್ತಾರೆ. ಬೇರೆಯವರ ಬಿಬ್ (ಎದೆಯ ಮೇಲೆ ಸಿಕ್ಕಿಸುವ ಸಂಖ್ಯೆಯ ಪಟ್ಟಿ) ಹಾಕಿ ಎಂದಿಗೂ ಓಡಬೇಡಿ, ನಿಮ್ಮದನ್ನು ಯಾರಿಗೂ ಕೊಡಬೇಡಿ. ಬಿಬ್ ಸಂಖ್ಯೆಗೆ ಜೋಡಿಸಿದ ವಯಸ್ಸು, ರಕ್ತದ ಗುಂಪು, ಮನೆಯವರ ಸಂಖ್ಯೆ ನಿಮ್ಮವಲ್ಲದಿದ್ದರೆ ಕುಸಿದುಬಿದ್ದಾಗ ವೈದ್ಯರಿಗೆ ತಪ್ಪು ಮಾಹಿತಿ ಸಿಗುತ್ತದೆ, ಕರೆ ಬೇರೆ ಯಾರದೋ ಮನೆಗೆ ಹೋಗುತ್ತದೆ. ಬಿಬ್ ಹಿಂಬದಿಯ ವೈದ್ಯಕೀಯ ವಿವರವನ್ನು ಖಾಲಿ ಬಿಡದೆ ತುಂಬಿ. ಸ್ಪರ್ಧೆಯ ದಿನ ಹೊಸ ಶೂ, ಹೊಸ ತಿಂಡಿ, ಹೊಸ ಜೆಲ್ (ಓಡುತ್ತ ಶಕ್ತಿಗಾಗಿ ನುಂಗುವ ಸಿಹಿ ಪಾಕ) ಯಾವುದನ್ನೂ ಪ್ರಯೋಗಿಸಬೇಡಿ.

## ಹಂತ 11: ಬಿಡುವು ಬಂದಾಗ ಮತ್ತು ಕ್ಲಬ್ ಬದಲಿಸುವಾಗ

ಜ್ವರ, ಪರೀಕ್ಷೆ, ಮದುವೆ, ಗಾಯ, ಏನಾದರೊಂದು ಬಂದೇ ಬರುತ್ತದೆ. ಬರಲಾಗುವುದಿಲ್ಲ ಎಂದು ಗುಂಪಿಗೆ ಒಂದು ಸಾಲು ತಿಳಿಸಿ. ಹೇಳದೆ ಮಾಯವಾದವರು ನಾಚಿಕೆಯಿಂದ ಮರಳಿ ಬರುವುದೇ ಇಲ್ಲ. ಡೆಂಗಿ, ಕೋವಿಡ್‌ನಂತಹ ಜ್ವರದ ನಂತರ ವೈದ್ಯರು ಒಪ್ಪುವ ತನಕ ಓಡಬೇಡಿ. ಎರಡು ವಾರಕ್ಕಿಂತ ಹೆಚ್ಚು ಬಿಡುವಾಗಿದ್ದರೆ ಹಿಂದಿನ ದೂರದ ಅರ್ಧದಿಂದ, ಒಂದೆರಡು ತಿಂಗಳಾಗಿದ್ದರೆ ಎರಡನೆಯ ಹಂತದ ಓಟ ನಡಿಗೆಯಿಂದ ಮತ್ತೆ ಶುರುಮಾಡಿ. ಗಾಯವಾದವರು ಓಡಲಾಗದಿದ್ದರೂ ಭಾನುವಾರ ನೀರು ಹಿಡಿದು ನಿಲ್ಲಲು ಹೋಗಬಹುದು.

ಮೂರು ತಿಂಗಳು ನಿಯಮಿತವಾಗಿ ಹೋದ ಮೇಲೂ ಗುಂಪು ಹೊಂದದಿದ್ದರೆ ಬದಲಿಸುವುದರಲ್ಲಿ ತಪ್ಪಿಲ್ಲ. ಕೋಚಿಗೆ ನೇರವಾಗಿ ತಿಳಿಸಿ, ಬಾಕಿ ಶುಲ್ಕ ತೀರಿಸಿ, ವಹಿಸಿಕೊಂಡ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೊರಡಿ. ಊರಿನ ಓಟಗಾರರೆಲ್ಲ ಒಂದಲ್ಲ ಒಂದು ಓಟದಲ್ಲಿ ಮತ್ತೆ ಎದುರಾಗುತ್ತಾರೆ. ಹೊಸ ಗುಂಪಿನಲ್ಲಿ ನಾಲ್ಕನೆಯ ಹಂತದಿಂದ ಆರಂಭಿಸಿ: ಎರಡು ಬೆಳಗ್ಗೆ ದೂರದಿಂದ ನೋಡಿ, ಆಮೇಲೆ ಸಂದೇಶ ಬರೆಯಿರಿ.